ರೆಡ್‌ಮಂಡ್, ಬೆಲ್‌ವ್ಯೂ, ಸಿಯಾಟಲ್: ಸೂರಿಲ್ಲದವರ ವಿಷಯದಲ್ಲಿ, ಬಸ್ಸು ರೈಲಿನಲ್ಲಿ ಈ ನಗರಗಳು ನಿಜಕ್ಕೂ ಕೂಡಿ ಕೆಲಸ ಮಾಡುತ್ತವೆಯೇ?

ನೀವು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್‌ಮಂಡ್‌ನಲ್ಲಿದ್ದೀರಿ. ರಸ್ತೆ ದಾಟಿದರೆ ಬೆಲ್‌ವ್ಯೂ, ಇನ್ನೊಂದು ಕಡೆ ಕರ್ಕ್‌ಲೆಂಡ್. ಸೂರಿಲ್ಲದವರನ್ನು ತಮ್ಮ ಕಡೆ ದೂಡುತ್ತಿದ್ದಾರೆ ಎಂದು ಪ್ರತಿ ಊರೂ ಪಕ್ಕದ ಊರನ್ನು ದೂರುತ್ತದೆ. ಹಾಗಾದರೆ ಇವು ಒಟ್ಟಿಗೆ ಮಾಡುವುದಾದರೂ ಏನು, ಸಿಟಿ ಕೌನ್ಸಿಲ್ ಸಭೆಗೆ ಹೋದರೆ ಏನು ಕೇಳಬೇಕು ಎನ್ನುವುದು ನಿಮ್ಮ ಪ್ರಶ್ನೆ.

ಕೂಡಿ ಕೆಲಸ ಮಾಡುತ್ತವೆ, ಆದರೆ ಎಲ್ಲದರಲ್ಲೂ ಒಂದೇ ಮಟ್ಟದಲ್ಲಿ ಅಲ್ಲ. ಯಾರು ಎಷ್ಟು ದುಡ್ಡು ಹಾಕಬೇಕು, ಜಾಗ ಯಾರು ಕೊಡಬೇಕು, ಒಪ್ಪಂದ ಬಿಟ್ಟು ಹೋಗುವವರು ಹೇಗೆ ಹೋಗಬೇಕು ಎಂದು ಮೊದಲೇ ಬರೆದುಕೊಂಡ ಕಡೆ ಕೆಲಸ ನಡೆದಿದೆ. ಇವನ್ನು ಮುಂದೆ ನೋಡೋಣ ಎಂದು ಬಿಟ್ಟ ಕಡೆ ಸಭೆಗಳು ನಡೆದಿವೆ. ರೈಲು, ಬಸ್ಸು ಮೊದಲನೆಯ ಬಗೆ. ಸೂರಿಲ್ಲದವರ ವಿಷಯ ಇನ್ನೂ ಅರ್ಧ ದಾರಿಯಲ್ಲಿದೆ.

ಮೊದಲು ಕಾನೂನು. ಈ ಊರುಗಳಿರುವ ಕಿಂಗ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) 39 ನಗರಗಳಿವೆ, ಒಂದಕ್ಕೆ ಇನ್ನೊಂದರ ಮೇಲೆ ಅಧಿಕಾರವಿಲ್ಲ. ಸೇರಿ ಕೆಲಸ ಮಾಡಬೇಕಾದರೆ ವಾಷಿಂಗ್ಟನ್ ರಾಜ್ಯದ 1967ರ ಇಂಟರ್‌ಲೋಕಲ್ ಕೋಆಪರೇಷನ್ ಕಾಯ್ದೆಯ ಪ್ರಕಾರ ಒಪ್ಪಂದ ಮಾಡಿಕೊಳ್ಳಬೇಕು (ರಾಜ್ಯದ ಕಾನೂನು ಸಂಹಿತೆಯಲ್ಲಿ ಅಧ್ಯಾಯ 39.34). ಒಪ್ಪಂದ ಎಷ್ಟು ಕಾಲದ್ದು, ಉದ್ದೇಶವೇನು, ಹೊಸ ಸಂಸ್ಥೆ ಮಾಡುವುದಾದರೆ ಅದರ ರಚನೆ ಹೇಗೆ, ಹಣ ಮತ್ತು ಬಜೆಟ್ ಎಲ್ಲಿಂದ, ಒಪ್ಪಂದ ಮುರಿಯುವುದು ಹೇಗೆ, ಮುರಿದರೆ ಆಸ್ತಿ ಯಾರ ಪಾಲು ಎನ್ನುವುದೆಲ್ಲ ಅದರಲ್ಲಿ ಇರಲೇಬೇಕು. ಪ್ರತಿ ನಗರದ ಕೌನ್ಸಿಲೂ ಪ್ರತ್ಯೇಕವಾಗಿ ಮತ ಹಾಕಬೇಕು. ಆಮೇಲೆ ಒಪ್ಪಂದವನ್ನು ಕೌಂಟಿ ಆಡಿಟರ್ ಬಳಿ ದಾಖಲಿಸಬೇಕು, ಇಲ್ಲವೇ ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಹಾಗಾಗಿ ಇದು ಗುಟ್ಟಿನ ಕಾಗದವಲ್ಲ, ಯಾರು ಬೇಕಾದರೂ ಓದಬಹುದು. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಹಣದ ಕಲಮು ಮತ್ತು ಹೊರಬರುವ ಕಲಮು, ಇವೆರಡನ್ನು ಓದಿ. ಒಪ್ಪಂದ ಗಟ್ಟಿಯೋ ಜೊಳ್ಳೋ ಅಷ್ಟರಲ್ಲೇ ತಿಳಿಯುತ್ತದೆ.

ರೈಲಿನ ವಿಷಯದಲ್ಲಿ ಈ ಕಲಮುಗಳು ಗಟ್ಟಿಯಾಗಿವೆ. ಸೌಂಡ್ ಟ್ರಾನ್ಸಿಟ್ ಕಿಂಗ್, ಪಿಯರ್ಸ್, ಸ್ನೋಹೋಮಿಶ್ ಈ ಮೂರು ಕೌಂಟಿಗಳ ಸಾರಿಗೆ ಸಂಸ್ಥೆ. ಅದರ ಮಂಡಳಿಯ 18 ಸದಸ್ಯರಲ್ಲಿ 17 ಜನ ಸ್ಥಳೀಯವಾಗಿ ಚುನಾಯಿತರಾದವರು, ಒಬ್ಬರು ರಾಜ್ಯದ ಸಾರಿಗೆ ಕಾರ್ಯದರ್ಶಿ. 1995ರಲ್ಲಿ ಮತದಾರರು ಮೊದಲ ಯೋಜನೆಯನ್ನು ತಿರಸ್ಕರಿಸಿದರು, 1996ರಲ್ಲಿ ಸಣ್ಣದು ಮಾಡಿ ತಂದದ್ದನ್ನು ಒಪ್ಪಿದರು. ಇದನ್ನು ಹಿಡಿದಿಟ್ಟ ನಿಯಮದ ಹೆಸರು ಸಬ್‌ಏರಿಯಾ ಈಕ್ವಿಟಿ. ಇಡೀ ಪ್ರದೇಶವನ್ನು ಸ್ನೋಹೋಮಿಶ್, ಉತ್ತರ ಕಿಂಗ್, ಪೂರ್ವ ಕಿಂಗ್, ದಕ್ಷಿಣ ಕಿಂಗ್, ಪಿಯರ್ಸ್ ಎಂದು ಐದು ಭಾಗ ಮಾಡಿ, ಒಂದು ಭಾಗದಲ್ಲಿ ಎತ್ತಿದ ತೆರಿಗೆಯ ಪ್ರಯೋಜನ ಆ ಭಾಗಕ್ಕೇ ಸಿಗುವಂತೆ ಲೆಕ್ಕ ಇಡುತ್ತಾರೆ. ಬೆಲ್‌ವ್ಯೂ ದುಡ್ಡಿನಲ್ಲಿ ಸಿಯಾಟಲ್ ಸುರಂಗ ಕೊರೆದರು ಎಂಬ ಜಗಳಕ್ಕೆ ಎಡೆ ಕಡಿಮೆ. ಇದಕ್ಕೆ ತೆರುವ ಬೆಲೆಯೂ ಇದೆ. ಜನ ಎಲ್ಲಿ ಹೆಚ್ಚು ಓಡಾಡುತ್ತಾರೆ ಎನ್ನುವುದರ ಜೊತೆಗೆ ಯಾವ ಭಾಗದ ಹುಂಡಿಯಲ್ಲಿ ಎಷ್ಟಿದೆ ಎನ್ನುವುದೂ ಯಾವ ಮಾರ್ಗ ಯಾವಾಗ ಬರುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಆದರೂ ಈ ನಿಯಮವಿಲ್ಲದೆ ಉಪನಗರಗಳ ಮತದಾರರು 2008 ಮತ್ತು 2016ರಲ್ಲಿ ಹೆಚ್ಚಿನ ತೆರಿಗೆಗೆ ಒಪ್ಪುತ್ತಿದ್ದರು ಎಂದು ನನಗನ್ನಿಸುವುದಿಲ್ಲ. ನಿಮ್ಮ ಊರಿನ ಡೌನ್‌ಟೌನ್ ನಿಲ್ದಾಣ 2025ರ ಮೇ ತಿಂಗಳಲ್ಲಿ ತೆರೆದದ್ದು ಈ ಲೆಕ್ಕದ ಮೇಲೆಯೇ.

ಟಿಕೆಟ್ಟಿನಲ್ಲೂ ಅಷ್ಟೆ. 2009ರಲ್ಲಿ ಬಂದ ಓರ್ಕಾ ಎಂಬ ಪ್ರಯಾಣದ ಕಾರ್ಡಿನ ಹಿಂದೆ ಏಳು ಸಂಸ್ಥೆಗಳ ಒಪ್ಪಂದವಿತ್ತು. ಎರಡು ಗಂಟೆಯೊಳಗೆ ಇನ್ನೊಂದು ಸಂಸ್ಥೆಯ ಬಸ್ಸೋ ರೈಲೋ ಹತ್ತಿದರೆ ಮೊದಲು ಕೊಟ್ಟ ದರ ಲೆಕ್ಕಕ್ಕೆ ಬರುತ್ತದೆ, ಸಂಸ್ಥೆಗಳು ಆ ಹಣವನ್ನು ಹಿಂದಿನಿಂದ ಹಂಚಿಕೊಳ್ಳುತ್ತವೆ. ರಾಜ್ಯದ ಫೆರ್ರಿಗೆ ಈ ಸೌಲಭ್ಯವಿಲ್ಲ. ಆದಾಯ ಫೆಡರಲ್ ಬಡತನ ರೇಖೆಯ ಎರಡು ಪಟ್ಟಿನೊಳಗಿದ್ದರೆ ಓರ್ಕಾ ಲಿಫ್ಟ್ ಎಂಬ ಕಡಿಮೆ ದರದ ಕಾರ್ಡು ಸಿಗುತ್ತದೆ. ಶೆಲ್ಟರಿನಲ್ಲಿ (ಸೂರಿಲ್ಲದವರ ತಾತ್ಕಾಲಿಕ ತಂಗುದಾಣ) ಇದ್ದುಕೊಂಡು ಕೆಲಸಕ್ಕೆ ಹೋಗುವವರಿಗೆ ಇದು ದೊಡ್ಡ ಆಸರೆ. ಅಂಥವರು ಪರಿಚಯವಿದ್ದರೆ ದಯವಿಟ್ಟು ಇದನ್ನು ತಿಳಿಸಿ.

ಬಸ್ಸು ಕೌಂಟಿಯದ್ದು, ಅಂದರೆ ಕಿಂಗ್ ಕೌಂಟಿ ಮೆಟ್ರೋ. ನಗರಕ್ಕೆ ಹೆಚ್ಚು ಬಸ್ಸು ಬೇಕಿದ್ದರೆ ದುಡ್ಡು ಕೊಟ್ಟು ಸೇವಾ ಗಂಟೆಗಳನ್ನು, ಅಂದರೆ ಬಸ್ಸು ಓಡುವ ಗಂಟೆಗಳನ್ನು ಕೊಳ್ಳಬಹುದು. 2014ರ ಏಪ್ರಿಲ್‌ನಲ್ಲಿ ಇಡೀ ಕೌಂಟಿಯ ಬಸ್ ತೆರಿಗೆ ಮತದಾನದಲ್ಲಿ ಬಿದ್ದುಹೋದಾಗ ಸಿಯಾಟಲ್ ಅದೇ ನವೆಂಬರಿನಲ್ಲಿ ತನ್ನೊಳಗೇ ತೆರಿಗೆ ಹಾಕಿಕೊಂಡು ಮೆಟ್ರೋದಿಂದ ಗಂಟೆಗಳನ್ನು ಕೊಂಡಿತು. ಇಂಥ ಒಪ್ಪಂದದಲ್ಲಿ ಮುಖ್ಯವಾಗಿ ನೋಡಬೇಕಾದ ಸಾಲು ಒಂದೇ: ನಗರ ಕೊಂಡ ಗಂಟೆಗಳು ಈಗಿರುವ ಸೇವೆಯ ಮೇಲೆ ಸೇರಬೇಕು. ಆ ಸಾಲಿಲ್ಲದಿದ್ದರೆ ನಗರ ಕೊಟ್ಟಷ್ಟನ್ನು ಕೌಂಟಿ ಹಿಂದಕ್ಕೆ ಎಳೆದುಕೊಳ್ಳಬಹುದು.

ಇನ್ನು ಸೂರಿಲ್ಲದವರ ವಿಷಯ. ಇಲ್ಲಿ ಅಧಿಕಾರ ಮೂರು ಕಡೆ ಹರಿದು ಹೋಗಿದೆ. ಫೆಡರಲ್ ಸರ್ಕಾರದ ವಸತಿ ಇಲಾಖೆಯ ಹಣ ಬರುವುದು ಕಂಟಿನ್ಯುಯಮ್ ಆಫ್ ಕೇರ್ ಎಂಬ ಏರ್ಪಾಡಿನ ಮೂಲಕ, ಮತ್ತು ಇಡೀ ಕೌಂಟಿಗೆ ಅದು ಒಂದೇ. ಯಾರಿಗೆ ಮೊದಲು ಮನೆ ಎಂಬ ಸರದಿ, ಎಲ್ಲ ಸೇವಾಸಂಸ್ಥೆಗಳು ತುಂಬುವ ಒಂದೇ ದತ್ತಾಂಶ ವ್ಯವಸ್ಥೆ, ಜನವರಿಯ ಗಣತಿ ಎಲ್ಲ ಅದರಡಿ ಬರುತ್ತವೆ. ಮಾನಸಿಕ ಆರೋಗ್ಯ, ವ್ಯಸನ ಚಿಕಿತ್ಸೆ ಕೌಂಟಿಯ ಕೈಯಲ್ಲಿ. ಜಾಗ ಮತ್ತು ಝೋನಿಂಗ್ (ಎಲ್ಲಿ ಏನು ಕಟ್ಟಬಹುದು ಎಂಬ ನಿಯಮ) ನಗರದ ಕೈಯಲ್ಲಿ.

ಇವೆಲ್ಲವನ್ನು ಒಂದೆಡೆ ತರಲು 2019ರ ಕೊನೆಯಲ್ಲಿ ಸಿಯಾಟಲ್ ಮತ್ತು ಕೌಂಟಿ ಸೇರಿ ಕಿಂಗ್ ಕೌಂಟಿ ರೀಜನಲ್ ಹೋಮ್‌ಲೆಸ್‌ನೆಸ್ ಅಥಾರಿಟಿ ಕಟ್ಟಿದವು. ಆಶಯ ಒಳ್ಳೆಯದು, ರಚನೆಯಲ್ಲಿ ಮೂರು ಬಿರುಕುಗಳು. ಅದಕ್ಕೆ ತೆರಿಗೆ ಹಾಕುವ ಅಧಿಕಾರ ಕೊಡಲಿಲ್ಲ, ಹಣಕ್ಕಾಗಿ ಬೇರೆಯವರ ಬಜೆಟ್ಟಿನ ಮುಖ ನೋಡಬೇಕು. ಎರಡನೆಯದು, ಯಾರ ಮಾತು ನಡೆಯಬೇಕು ಎಂಬುದು: ದುಡ್ಡಿನ ಬಹುಪಾಲು ಸಿಯಾಟಲ್ ಮತ್ತು ಕೌಂಟಿಯದ್ದಾದರೂ ಆಡಳಿತ ಸಮಿತಿಯಲ್ಲಿ ಉಪನಗರಗಳಿಗೂ ಮತವಿತ್ತು. ದುಡ್ಡು ಹಾಕದವರು ಹೇಳುವುದೇನು ಎಂಬ ಅಸಮಾಧಾನ ಒಂದು ಕಡೆ, ಸಿಯಾಟಲ್ ನಮ್ಮ ಮೇಲೆ ಹೇರುತ್ತದೆ ಎಂಬ ಅನುಮಾನ ಇನ್ನೊಂದು ಕಡೆ. ಅದರ ಜೊತೆಗೆ ಎರಡು ಮಂಡಳಿಗಳು ಇದ್ದುದರಿಂದ ತೀರ್ಮಾನ ಯಾರದ್ದು ಎಂಬುದೇ ಗೊಂದಲವಾಗಿತ್ತು. 2024ರಲ್ಲಿ ಒಪ್ಪಂದ ತಿದ್ದಿ ಒಂದೇ ಮಂಡಳಿ ಮಾಡಿದರು. ಮೂರನೆಯ ಬಿರುಕು ದೊಡ್ಡದು: ಈ ಸಂಸ್ಥೆ ಶೆಲ್ಟರಿಗೆ ಹಣ ಕೊಡಬಲ್ಲದು, ಯಾವ ನಗರದಲ್ಲೂ ಒಂದಡಿ ಜಾಗ ಕೊಡಿಸಲಾರದು.

ಗಣತಿಯ ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರ. 2022ರಲ್ಲಿ 13,368 ಜನ, 2024ರಲ್ಲಿ 16,000ಕ್ಕೂ ಹೆಚ್ಚು. ಈ ಎರಡನ್ನು ಪಕ್ಕದಲ್ಲಿಟ್ಟು ನೋಡಬಹುದು. ಆದರೆ 2022ರಿಂದ ಬೀದಿಯಲ್ಲಿ ಕಂಡವರನ್ನು ಎಣಿಸುವ ಬದಲು ಸಂದರ್ಶನಗಳ ಜಾಲದಿಂದ ಅಂದಾಜು ಮಾಡುವ ವಿಧಾನಕ್ಕೆ ಬಂದರು. ಹಾಗಾಗಿ ಅದಕ್ಕೂ ಹಿಂದಿನ ವರ್ಷಗಳ ಜೊತೆ ಹೋಲಿಸಿ ಇಷ್ಟು ಶೇಕಡಾ ಏರಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಚೆನ್ನಾಗಿ ನಡೆದಿರುವುದು ಲೇಕ್ ವಾಷಿಂಗ್ಟನ್ ಸರೋವರದ ಪೂರ್ವಕ್ಕಿರುವ ನಿಮ್ಮ ಕಡೆಯ ನಗರಗಳ ಹಳೆಯ ಕೂಟ. 1992ರಲ್ಲಿ ಶುರುವಾದ ಎ ರೀಜನಲ್ ಕೊಅಲಿಷನ್ ಫಾರ್ ಹೌಸಿಂಗ್, ಎಲ್ಲರೂ ಆರ್ಚ್ ಎನ್ನುತ್ತಾರೆ. ಈಗ ಅದರಲ್ಲಿ ಪೂರ್ವ ಭಾಗದ 15 ನಗರಗಳು ಮತ್ತು ಕೌಂಟಿ ಇವೆ. ನಮ್ಮ ಕಡೆಯ ಚೀಟಿಯಂತೆ ಎಲ್ಲರೂ ಹಾಕುತ್ತಾರೆ, ಕೂಡಿದ ಮೊತ್ತ ಆ ವರ್ಷ ಸಿದ್ಧವಾಗಿರುವ ಯೋಜನೆಗೆ ಹೋಗುತ್ತದೆ, ಅದು ಯಾವ ಊರಿನಲ್ಲಿದ್ದರೂ ಸರಿ. ಕಟ್ಟುವವರು ಅರ್ಜಿ ಹಾಕುತ್ತಾರೆ, ಸಲಹಾ ಮಂಡಳಿ ಪರಿಶೀಲಿಸುತ್ತದೆ, ನಗರಾಡಳಿತಗಾರರ ಮಂಡಳಿ ಶಿಫಾರಸು ಮಾಡುತ್ತದೆ, ಕೊನೆಗೆ ಪ್ರತಿ ಕೌನ್ಸಿಲ್ ತನ್ನ ಪಾಲಿನ ಹಣಕ್ಕೆ ಒಪ್ಪಿಗೆ ಕೊಡುತ್ತದೆ. ನಿಧಾನ ನಿಜ. ಆದರೆ ಹಣ ಯಾವುದೇ ಒಂದು ಕೌನ್ಸಿಲಿನ ಹಿಡಿತದಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಈ ಕೂಟದ ಪ್ರಯೋಜನ 2024ರಲ್ಲಿ ಗೊತ್ತಾಯಿತು. ಪ್ಲಿಮತ್ ಹೌಸಿಂಗ್ ಎಂಬ ಸಂಸ್ಥೆ ಕೂಟದ ಇನ್ನೊಂದು ನಗರವಾದ ಕೆನ್‌ಮೋರ್‌ನಲ್ಲಿ ಸುಮಾರು 100 ಮನೆಗಳನ್ನು, ಸೂರಿಲ್ಲದೆ ಬಳಲಿದವರಿಗೆ ನೆರವಿನ ಸಿಬ್ಬಂದಿ ಸಹಿತ ಕಟ್ಟಬೇಕಿತ್ತು. ಆ ವರ್ಷದ ಜನವರಿಯಲ್ಲಿ ಕೆನ್‌ಮೋರ್ ಕೌನ್ಸಿಲ್ ಬೇಡವೆಂದಿತು. ಯೋಜನೆ ಅಲ್ಲಿಗೇ ಸಾಯಬೇಕಿತ್ತು. ಆದರೆ ನಿಮ್ಮ ರೆಡ್‌ಮಂಡ್ ತನ್ನ ಡೌನ್‌ಟೌನ್‌ನಲ್ಲಿ ನಗರದ ಜಾಗ ಕೊಡಲು ಮುಂದೆ ಬಂದಿತು. ಈ ವಿಷಯದಲ್ಲಿ ನಿಮ್ಮೂರಿನ ಬಗ್ಗೆ ನನಗೆ ಗೌರವವಿದೆ. ಆಗ ನಡೆದ ಸಭೆಗಳಲ್ಲಿ ವಿರೋಧವೂ ಜೋರಾಗಿತ್ತು, ಬಹಳ ಬೇಗ ತೀರ್ಮಾನಿಸಿದಿರಿ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇಂಥ ಮನೆಗಳಿರಬೇಕು, ಕಾರಿಲ್ಲದವರಿಗೆ ಆಸ್ಪತ್ರೆ, ಕೆಲಸ ಎಲ್ಲ ಅದರ ಮೇಲೆ ನಿಂತಿವೆ.

ಶೆಲ್ಟರುಗಳಲ್ಲೂ ಪೂರ್ವ ಭಾಗದ ದೊಡ್ಡ ನಗರಗಳು ಹೊರೆ ಹಂಚಿಕೊಂಡಿವೆ: ಗಂಡಸರ ಶೆಲ್ಟರ್ ಬೆಲ್‌ವ್ಯೂನಲ್ಲಿ, ಹೆಂಗಸರು ಮತ್ತು ಕುಟುಂಬಗಳದ್ದು ಕರ್ಕ್‌ಲೆಂಡ್‌ನಲ್ಲಿ, ಹರೆಯದವರದ್ದು ರೆಡ್‌ಮಂಡ್‌ನಲ್ಲಿ. ಕರ್ಕ್‌ಲೆಂಡ್‌ನದು 2020ರಲ್ಲಿ ತೆರೆಯಿತು. ಬೆಲ್‌ವ್ಯೂನಲ್ಲಿ ಜಾಗದ ಜಗಳ ವರ್ಷಗಟ್ಟಲೆ ಎಳೆದು ಶಾಶ್ವತ ಕಟ್ಟಡ 2023ಕ್ಕೆ ಬಂತು. ಹಂಚಿಕೆ ಮಾಡಿಕೊಂಡರೂ ಜಾಗ ಗುರುತಿಸದೆ ಬಿಟ್ಟರೆ ಹೀಗಾಗುತ್ತದೆ.

ಕೂಡಿ ಕೆಲಸ ಮಾಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದಕ್ಷಿಣದ ಬ್ಯೂರಿಯನ್ ನೋಡಿ. ಅಲ್ಲಿ ಕೌನ್ಸಿಲ್ ಸಾರ್ವಜನಿಕ ಜಾಗದಲ್ಲಿ ಮಲಗುವುದನ್ನು ನಿಷೇಧಿಸಿತು. ಅಲ್ಲಿನ ಪೊಲೀಸರು ಕೌಂಟಿ ಶೆರಿಫ್‌ನಿಂದ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಗುತ್ತಿಗೆಯಲ್ಲಿ ಬಂದವರು. ಶೆರಿಫ್ ಜಾರಿ ಮಾಡಲು ಒಪ್ಪದೆ 2024ರಲ್ಲಿ ವಿಷಯ ಕೋರ್ಟಿಗೆ ಹೋಯಿತು. ಅದೇ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಾಂಟ್ಸ್ ಪಾಸ್ ಪ್ರಕರಣದಲ್ಲಿ ಇಂಥ ನಿಷೇಧಗಳಿಗೆ ದಾರಿ ಬಿಟ್ಟುಕೊಟ್ಟ ಮೇಲೆ ಒಂದು ನಗರ ನಿಷೇಧಿಸಿದರೆ ಪಕ್ಕದ್ದೂ ನಿಷೇಧಿಸುವ ಒತ್ತಡ ಹೆಚ್ಚಿದೆ. ಓಡಿಸಿದವರು ಕಾಣೆಯಾಗುವುದಿಲ್ಲ, ಪಕ್ಕದ ಊರಿನಲ್ಲಿರುತ್ತಾರೆ. ಅವರ ಗುರುತಿನ ಕಾಗದ, ಔಷಧಿ, ಅವರನ್ನು ಹುಡುಕಿ ಬರುತ್ತಿದ್ದ ಕಾರ್ಯಕರ್ತರ ಸಂಪರ್ಕ ಮಾತ್ರ ಕಳೆದುಹೋಗುತ್ತವೆ, ಮನೆಯ ಸರದಿ ಬಂದಾಗ ಆ ಮನುಷ್ಯ ಸಿಗುವುದಿಲ್ಲ.

ಸಭೆಯಲ್ಲಿ ಕೇಳಬೇಕಾದ್ದು. ಮಾತಾಡಲು ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ, ಸಮಸ್ಯೆ ವಿವರಿಸುತ್ತಾ ಅದನ್ನು ಕಳೆಯಬೇಡಿ. ರಾಜ್ಯದ 2021ರ ಶಾಸನ (ಹೌಸ್ ಬಿಲ್ 1220) ಪ್ರಕಾರ ಮನೆ ಅಥವಾ ಹೋಟೆಲ್‌ಗೆ ಅವಕಾಶವಿರುವ ವಲಯದಲ್ಲಿ ನೆರವು ಸಹಿತ ವಸತಿಯನ್ನು ನಗರ ನಿಷೇಧಿಸುವಂತಿಲ್ಲ. ನಮ್ಮ ಝೋನಿಂಗ್ ನಿಯಮದಲ್ಲಿ ಅದನ್ನು ಅಸಾಧ್ಯ ಮಾಡುವ ದೂರ, ಪಾರ್ಕಿಂಗ್, ಪರವಾನಗಿ ಷರತ್ತುಗಳು ಉಳಿದಿವೆಯೇ ಎಂದು ಕೇಳಿ. ಈ ಬಜೆಟ್ಟಿನಲ್ಲಿ ಆರ್ಚ್‌ಗೆ ನಮ್ಮ ಪಾಲೆಷ್ಟು, ಸೂಚಿಸಿದ ಮೊತ್ತಕ್ಕಿಂತ ಕಡಿಮೆಯಿದ್ದರೆ ಏಕೆ ಎಂದು ಕೇಳಿ. ನಗರದ ಒಡೆತನದಲ್ಲಿರುವ, ರೈಲು ಅಥವಾ ಒಳ್ಳೆಯ ಬಸ್ ಮಾರ್ಗದ ಹತ್ತಿರದ ಖಾಲಿ ನಿವೇಶನಗಳ ಪಟ್ಟಿ ಕೇಳಿ. ಉತ್ತರ ತಪ್ಪಿಸಿಕೊಳ್ಳಲು ಆಗದ ಪ್ರಶ್ನೆ ಇದೇ.

ಸಮಯ ನೋಡಿ ಹೋಗಿ. ರೆಡ್‌ಮಂಡ್, ಬೆಲ್‌ವ್ಯೂ, ಕರ್ಕ್‌ಲೆಂಡ್ ಮೂರೂ ಎರಡು ವರ್ಷದ ಬಜೆಟ್ ಮಾಡುತ್ತವೆ, ಸಮಸಂಖ್ಯೆಯ ವರ್ಷಗಳ ಕೊನೆಯ ತಿಂಗಳುಗಳಲ್ಲಿ ಅದು ಅಂಗೀಕಾರವಾಗುತ್ತದೆ. ಡಿಸೆಂಬರಿನಲ್ಲಿ ಹೋದರೆ ತಡ, ಸೆಪ್ಟೆಂಬರಿನಲ್ಲಿ ಹೋದರೆ ಸಂಖ್ಯೆ ಇನ್ನೂ ಬದಲಾಗಬಲ್ಲದು. ಒಪ್ಪಂದದ ಪ್ರತಿ ವೆಬ್‌ಸೈಟಿನಲ್ಲಿ ಸಿಗದಿದ್ದರೆ ಸಿಟಿ ಕ್ಲರ್ಕ್‌ಗೆ ಸಾರ್ವಜನಿಕ ದಾಖಲೆಯ ಅರ್ಜಿ ಕಳಿಸಿ. ಐದು ಕೆಲಸದ ದಿನಗಳೊಳಗೆ ದಾಖಲೆಯನ್ನೋ, ಯಾವಾಗ ಕೊಡುತ್ತೇವೆ ಎಂಬ ಅಂದಾಜನ್ನೋ ಅವರು ಕೊಡಬೇಕು. ಅರ್ಜಿಯಲ್ಲಿ ಎಲ್ಲ ಕಡತಗಳೂ ಬೇಕು ಎಂದು ಬರೆದರೆ ತಿಂಗಳು ಹಿಡಿಯುತ್ತದೆ, ಒಪ್ಪಂದದ ಹೆಸರು ಮತ್ತು ವರ್ಷ ಬರೆದರೆ ಬೇಗ ಬರುತ್ತದೆ.