ಪೈಕೈರೋದಲ್ಲಿ (ಪೈಥಾನ್‌ನಿಂದ ಚಿತ್ರ, ಪಿಡಿಎಫ್ ಬರೆಯೋಕೆ ಬಳಸುವ ಕೈರೋ ಲೈಬ್ರರಿ) ಒತ್ತಕ್ಷರ ಬಿಡಿಬಿಡಿಯಾಗಿ ಬರ್ತಿದೆ, ಯಾವ ಫಾಂಟ್ ಹಾಕಲಿ?

ಯಾವ ಯುನಿಕೋಡ್ ಫಾಂಟ್ ಹಾಕಿದ್ರೂ ಸರಿಹೋಗಲ್ಲ. ಪ್ರಬಂಧ ಸ್ಪರ್ಧೆಯೊಂದರ ಪ್ರಮಾಣಪತ್ರಗಳಿಗೆ ಪಿಡಿಎಫ್ ಮಾಡುವಾಗ ನಾನೂ ಒಂದು ವಾರ ಫಾಂಟ್ ಬದಲಾಯಿಸ್ತಾನೇ ಕೂತಿದ್ದೆ. ಅಂಚು, ಗೆರೆ, ಲಾಂಛನ ಒಂದೇ ಸಂಜೆಗೆ ಮುಗಿದಿತ್ತು. ಸಿಕ್ಕಿಕೊಂಡಿದ್ದು ‘ಲಕ್ಷ್ಮಿ’ಯಲ್ಲಿ.

ಕಣ್ಣಿಗೆ ಎರಡೇ ಅಕ್ಷರ, ಯುನಿಕೋಡ್‌ನಲ್ಲಿ ಏಳು ಸಂಕೇತ: ಲ, ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಷ, ವಿರಾಮ, ಮ, ಗುಡಿಸು. ಪೈಕೈರೋದಲ್ಲಿ ಪಠ್ಯ ಬರೆಯೋ ‘ಶೋ ಟೆಕ್ಸ್ಟ್’ ಆಜ್ಞೆ ಒಂದೊಂದು ಸಂಕೇತಕ್ಕೂ ಒಂದೊಂದು ಆಕಾರ ಎತ್ತಿ ಸಾಲಾಗಿ ಇಡುತ್ತೆ, ಅಷ್ಟೇ. ಒತ್ತು ಕೂಡಿಸುವ ನಿಯಮ ಫಾಂಟ್ ಒಳಗಿದ್ದರೂ ಅದನ್ನು ಓದೋದೇ ಇಲ್ಲ. ಕೈರೋದ ಕೈಪಿಡಿಯೇ ಇದನ್ನ ‘ಟಾಯ್’, ಅಂದ್ರೆ ಆಟಿಕೆ, ಅಂತ ಕರೆಯುತ್ತೆ.

ನಾನು ಮಾಡಿದ ತಪ್ಪು ಬೇರೆ. ಯುನಿಕೋಡ್‌ಗೂ ಮುಂಚಿನ ಹಳೇ ಫಾಂಟ್ ಹಿಡಿದೆ. ಅದರಲ್ಲಿ ಒತ್ತು, ಗುಣಿತ ಎಲ್ಲಕ್ಕೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಸ್ವಂತ ಸ್ಥಾನ ಇರೋದ್ರಿಂದ ‘ಶೋ ಟೆಕ್ಸ್ಟ್’ಗೂ ಸಾಕಾಗುತ್ತೆ. ಹೆಸರುಗಳನ್ನು ಆ ಸಂಕೇತಕ್ಕೆ ತಿರುಗಿಸೋ ಪರಿವರ್ತಕ ನಾನೇ ಬರೆದೆ. ಯುನಿಕೋಡ್‌ನಲ್ಲಿ ಅರ್ಕಾವೊತ್ತು ವ್ಯಂಜನಕ್ಕಿಂತ ಮುಂಚೆ, ಹಳೇ ಫಾಂಟ್‌ನಲ್ಲಿ ಆಮೇಲೆ. ನಾನು ಅದನ್ನ ವ್ಯಂಜನದ ಆಚೆಗೆ ಮಾತ್ರ ದಾಟಿಸಿದ್ದೆ. ದೀರ್ಘವಿದ್ದರೆ ಅದನ್ನೂ ದಾಟಬೇಕು. ಪರೀಕ್ಷೆ ಮಾಡಿದ್ದು ‘ಸೂರ್ಯ’ ಒಂದೇ ಹೆಸರಲ್ಲಿ. ಅಲ್ಲಿ ಅರ್ಕಾವೊತ್ತಿನ ಅಕ್ಷರಕ್ಕೆ ದೀರ್ಘವೇ ಇಲ್ಲ, ಪಾಸಾಯ್ತು! ‘ವರ್ಷಾ’, ‘ಆರ್ಯಾ’ ಎಲ್ಲ ಕೆಟ್ಟು, 280 ಹಾಳೆ ದಪ್ಪ ಕಾಗದದಲ್ಲಿ ಮತ್ತೆ ಅಚ್ಚಾದವು. ಸಾಲದ್ದಕ್ಕೆ ಆ ಪಿಡಿಎಫ್‌ನಲ್ಲಿ ಕನ್ನಡದಲ್ಲಿ ಹೆಸರು ಹುಡುಕಿದ್ರೆ ಸಿಗ್ತಿರಲಿಲ್ಲ.

ಪಠ್ಯ ಜೋಡಿಸೋ ಲೈಬ್ರರಿ ಪಾಂಗೋ ಬಳಸಿ. ಒತ್ತು ಕೂಡಿಸೋ ಕೆಲಸ ಅದರೊಳಗಿನ ಹಾರ್ಫ್‌ಬಝ್ ಮಾಡುತ್ತೆ, ಚಿತ್ರ ಕೈರೋದಲ್ಲೇ ಉಳಿಯುತ್ತೆ. ‘ಪಾಂಗೋಕೈರೋ’ದಿಂದ ಲೇಔಟ್ ಮಾಡಿ, ಪಠ್ಯ ಮತ್ತು ಫಾಂಟ್ ಕೊಟ್ಟು, ‘ಶೋ ಲೇಔಟ್’ ಕರೆಯಿರಿ. ನೋಟೋ ಸೆರಿಫ್ ಕನ್ನಡ ಸಾಕು. ಉಬುಂಟುವಿನಲ್ಲಿ ‘ಫಾರಿನ್ ಸ್ಟ್ರಕ್ಟ್ ಕನ್ವರ್ಟರ್’ ಸಿಗಲಿಲ್ಲ ಅಂತ ದೋಷ ಬಂದ್ರೆ ‘ಪೈಥಾನ್3-ಜಿಐ-ಕೈರೋ’ ಪ್ಯಾಕೇಜ್ ಹಾಕಿಲ್ಲ ಅಂತ ಅರ್ಥ.

ಅಳತೆಯಲ್ಲಿ ಎಡವೋದು ಗ್ಯಾರಂಟಿ. ಪಾಂಗೋ ಪ್ರತಿ ಘಟಕವನ್ನೂ 1024 ಪಾಲು ಮಾಡುತ್ತೆ; ಅಗಲ 400 ಬೇಕಿದ್ರೆ 400 × 1024 ಕೊಡಿ, ಬರೀ 400 ಕೊಟ್ರೆ ಸಾಲಿಗೊಂದು ಪದ ನಿಲ್ಲುತ್ತೆ. ಪಿಡಿಎಫ್‌ನ ಘಟಕ ಅಂಗುಲದ 72ನೇ ಒಂದು ಭಾಗ, ಪಾಂಗೋ ಮಾತ್ರ ಅಂಗುಲಕ್ಕೆ 96 ಘಟಕ ಅಂತ ಎಣಿಸುತ್ತೆ. ಹಾಗಾಗಿ 24ರ ಅಕ್ಷರ 32 ಆಗಿ ಉಬ್ಬುತ್ತೆ. ‘ಸೆಟ್ ಆಬ್ಸಲ್ಯೂಟ್ ಸೈಜ್’ಗೆ 24 × 1024 ಕೊಟ್ರೆ ಸರಿ. ಇನ್ನೊಂದು: ‘ಶೋ ಟೆಕ್ಸ್ಟ್’ ಅಕ್ಷರದ ತಳದ ಗೆರೆಯಿಂದ ಬರೆದ್ರೆ, ‘ಶೋ ಲೇಔಟ್’ ಮೇಲಿನ ಎಡ ಮೂಲೆಯಿಂದ. ಹಳೇ ಸ್ಥಾನವೇ ಇಟ್ರೆ ಹೆಸರು ಚುಕ್ಕಿಗೆರೆ ಕೆಳಗೆ ಜಾರುತ್ತೆ. ‘ಗೆಟ್ ಬೇಸ್‌ಲೈನ್’ ಕೊಟ್ಟದ್ದನ್ನ 1024ರಿಂದ ಭಾಗಿಸಿ ಹಳೇ ಸ್ಥಾನದ ವೈ ಬೆಲೆಯಿಂದ ಕಳೆಯಿರಿ.

ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋಗೆ ಹೋಗ್ತೀನಿ ಅಂದ್ರೂ, ಒತ್ತು ಕೂಡಿಸೋಕೆ ಅದು ಬಳಸೋ ರಾಕ್ಮ್ ಲೈಬ್ರರಿ ಇಲ್ಲದೆ ಇದೇ ಗೋಳು.

‘ರ‍್ಯಾಂಕ್’ ಅಂತ ಬರೆಯೋದಿದ್ರೆ ರ ಮತ್ತು ವಿರಾಮದ ನಡುವೆ ಜೋಡಕ ಸಂಕೇತ, ಯು+200ಡಿ, ಸೇರಿಸಿ. ಇಲ್ದಿದ್ರೆ ಪಾಂಗೋ ಸರಿಯಾಗೇ ಅರ್ಕಾವೊತ್ತು ಹಾಕಿ ‘ರ್ಯಾಂಕ್’ ಮಾಡುತ್ತೆ.