ತಿಂಗಳ 20ಕ್ಕೇ ದುಡ್ಡು ಖಾಲಿ ಆಗ್ತಿದೆ, ಏನ್ ಮಾಡ್ಲಿ ಅಂತ ಕೇಳಿರೋ ಎಂ.ಎಸ್ಸಿ ಸ್ಟೂಡೆಂಟ್‌ಗೆ

ನಿಮ್ಮ ಪ್ರಶ್ನೆ ಓದ್ದೆ. ಹಳ್ಳಿಯಿಂದ ಮೈಸೂರಿಗೆ ಬಂದು ಎಂ.ಎಸ್ಸಿ ಸೇರಿದೀರ, ಹಾಸ್ಟೆಲ್ ಸಿಕ್ಕಿಲ್ಲ, ಇಬ್ರು ಫ್ರೆಂಡ್ಸ್ ಜೊತೆ ರೂಮ್ ಮಾಡ್ಕೊಂಡಿದೀರ, ಅಪ್ಪ ತಿಂಗಳಿಗೆ 7,000 ಹಾಕ್ತಾರೆ, 20ನೇ ತಾರೀಖಿಗೆಲ್ಲ ಖಾಲಿ, ಆಮೇಲೆ ರೂಮ್‌ಮೇಟ್ ಹತ್ರ ಸಾಲ, ಸ್ಕಾಲರ್‌ಶಿಪ್ ಬಂದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಬರ್ದಿದೀರ. ನಾನೂ ಮಾನಸಗಂಗೋತ್ರೀಲೇ ಓದಿದ್ದು, ನಮ್ಮನೇಲೂ ಬೇಸಾಯ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಟೀ ಬಿಡಿ ಸಿನಿಮಾ ಬಿಡಿ ಅಂತ ನಾನು ಹೇಳಲ್ಲ. ನಾನು ನೋಡಿರೋ ಹಾಗೆ ಸ್ಟೂಡೆಂಟ್‌ಗಳು ಜಾಸ್ತಿ ಸಿಕ್ಕಾಕೊಳ್ಳೋದು ತಾರೀಖುಗಳ ಮಧ್ಯ. ಮನೆ ದುಡ್ಡು ಒಂದನೇ ತಾರೀಖು ಬರುತ್ತೆ, ಬಾಡಿಗೆ 5ಕ್ಕೆ ಕೊಡ್ಬೇಕು, ಎಕ್ಸಾಮ್ ಫೀಸ್ ನೋಟಿಸ್ ಯಾವಾಗ್ಲೋ ಬಂದು ಕೆಲವೇ ದಿನ ಟೈಮ್ ಕೊಟ್ಟಿರ್ತಾರೆ, ಸ್ಕಾಲರ್‌ಶಿಪ್ ಬರೋಷ್ಟೊತ್ತಿಗೆ ಎಷ್ಟೋ ಸಲ ಸೆಮಿಸ್ಟರ್ರೇ ಮುಗಿದಿರುತ್ತೆ. ಹೊಟ್ಟೆ ಮಾತ್ರ ದಿನಾ ಕೇಳುತ್ತೆ.

ಅದಕ್ಕೆ ಮೊದಲು ಒಂದು ಹಾಳೇಲಿ ವರ್ಷಕ್ಕೆ ಒಂದೆರಡು ಸಲ ಮಾತ್ರ ಬರೋ ಖರ್ಚೆಲ್ಲ ಬರ್ಕೊಳಿ. ಎಕ್ಸಾಮ್ ಫೀಸು, ಡಿಪಾರ್ಟ್‌ಮೆಂಟ್ ಟೂರು, ಪ್ರಾಜೆಕ್ಟ್ ಪ್ರಿಂಟು ಬೈಂಡಿಂಗು, ಹಬ್ಬಕ್ಕೆ ಊರಿಗೆ ಹೋಗಿಬರೋದು, ತಿಂಗಳ ಖರ್ಚು ಅನ್ಸಿದ್ರೂ ಮೊಬೈಲ್ ರೀಚಾರ್ಜೂ ಸೇರ್ಸಿ, ಯಾಕಂದ್ರೆ 28 ದಿನದ ಪ್ಯಾಕ್ ಹಾಕ್ಸಿದ್ರೆ ವರ್ಷಕ್ಕೆ 13 ಸಲ ಹಾಕ್ಸಬೇಕಾಗುತ್ತೆ, ಇದನ್ನ ಯಾರೂ ಲೆಕ್ಕ ಹಾಕಲ್ಲ. ಎಲ್ಲಾ ಸೇರಿ 12,000 ಆಯ್ತು ಅಂತಿಟ್ಕೊಳಿ, ತಿಂಗಳಿಗೆ 1,000 ಪಕ್ಕಕ್ಕೆ ಹೋಗ್ಬೇಕು, ಅದೂ ದುಡ್ಡು ಬಂದ ದಿನಾನೇ. ಪೋಸ್ಟ್ ಆಫೀಸಲ್ಲಿ 500 ರೂಪಾಯಿಗೆ ಎಸ್‌ಬಿ ಅಕೌಂಟ್ ತೆಗೀಬಹುದು, ತೆಗೆದು ಅದನ್ನ ಯುಪಿಐಗೆ ಲಿಂಕ್ ಮಾಡ್ದೆ ಬಿಟ್ಬಿಡಿ. ದುಡ್ಡು ತೆಗೀಬೇಕಂದ್ರೆ ಪಾಸ್‌ಬುಕ್ ಹಿಡ್ಕೊಂಡು ಹೋಗ್ಬೇಕು ಅನ್ನೋದೇ ಅದರ ಉಪಯೋಗ.

ಮಿಕ್ಕಿದ 6,000ದಲ್ಲಿ ಬಾಡಿಗೆ ಪಾಲು 2,000, ರೇಷನ್ನು ಗ್ಯಾಸು 1,200 ಅಂದ್ರೆ ಕೈಲಿ 2,800. ಇದನ್ನ ನಾಕು ವಾರಕ್ಕೆ 700ರಂಗೆ ಹಂಚ್ಕೊಂಡ್ರೆ ತಿಂಗಳ ಕೊನೇ ಎರಡ್ಮೂರು ದಿನಕ್ಕೆ ಏನೂ ಇರಲ್ಲ, ಹೆಚ್ಚಿನವರು ಸಾಲ ಕೇಳೋದು ಅವತ್ತೇ. ವಾರಕ್ಕೆ 600 ಇಟ್ಕೊಳಿ, ಉಳಿದ 400 ಆ ದಿನಗಳಿಗೆ. ಸೋಮವಾರ ಬೆಳಿಗ್ಗೆ 600 ರೂಪಾಯಿ ಯುಪಿಐ ಲೈಟ್‌ಗೆ (ಯುಪಿಐ ಆ್ಯಪ್ ಒಳಗೇ ಇರೋ, ಪಿನ್ ಇಲ್ದೆ ಖರ್ಚು ಮಾಡೋ ಚಿಕ್ಕ ಪರ್ಸು) ಹಾಕ್ಕೊಂಡು ಆಟೋ ಟಾಪ್‌ಅಪ್ ಆಫ್ ಮಾಡಿ, ಇಲ್ಲಾಂದ್ರೆ ನೋಟಲ್ಲೇ ಇಟ್ಕೊಳಿ. ಶುಕ್ರವಾರ 140 ಉಳಿದಿದೆ ಅಂತ ಕಣ್ಣಿಗೆ ಕಂಡ್ರೆ ಕೈ ತಾನಾಗೇ ಹಿಡಿತಕ್ಕೆ ಬರುತ್ತೆ. ಬ್ಯಾಂಕಲ್ಲಿ 5,000 ಕಾಣ್ತಿದ್ರೆ 60 ರೂಪಾಯಿ ಜ್ಯೂಸ್ ಖರ್ಚು ಅಂತಾನೇ ಅನ್ಸಲ್ಲ.

ಇನ್ನೊಂದು, ಅಪ್ಪನ ಹತ್ರ ಎರಡು ಕಂತಲ್ಲಿ ಹಾಕಕ್ಕೆ ಹೇಳಿ. ನಮ್ಮಮ್ಮ ಡೈರಿ ಬಟವಾಡೆ ಆದಾಗ ಹಾಕೋರು, ಹದಿನೈದು ದಿನಕ್ಕೊಂದ್ಸಲ, ತಿಂಗಳಿಗೊಂದೇ ಸಲ ದಪ್ಪಗೆ ಬರೋದಕ್ಕಿಂತ ಅದು ನಂಗೆ ಎಷ್ಟೋ ಅನುಕೂಲ ಆಯ್ತು, ಅವರಿಗೂ ಒಂದೇ ದಿನ ಹೊಂದಿಸೋ ಕಷ್ಟ ತಪ್ತು. ಮನೇಲಿ ದುಡ್ಡು ಯಾವಾಗ ಬರುತ್ತೆ, ಹಾಲಿಂದೋ ಕಬ್ಬಿಂದೋ ರೇಷ್ಮೆ ಗೂಡಿಂದೋ ಅಂತ ನಿಮಗೆ ಗೊತ್ತಿರುತ್ತಲ್ಲ, ಅದಕ್ಕೆ ತಕ್ಕಂಗೆ ಕೇಳಿ. ಊರಿಗೆ ಹೋದಾಗ ಅಕ್ಕಿ ರಾಗಿಹಿಟ್ಟು ಸಾರಿನಪುಡಿ ತರೋದಕ್ಕೆ ನಾಚ್ಕೊಬೇಡಿ. ನೀವು ಹುಡುಗಿ ಆಗಿದ್ರೆ ಶಕ್ತಿ ಯೋಜನೇಲಿ ಆರ್ಡಿನರಿ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಫ್ರೀ, ಆ ಖರ್ಚೇ ಇಲ್ಲ.

ಈಗ ಸ್ಕಾಲರ್‌ಶಿಪ್. ಅದನ್ನ ತಿಂಗಳ ಲೆಕ್ಕಕ್ಕೆ ಸೇರಿಸ್ಲೇಬೇಡಿ, ಬಂದ ದಿನ ನೇರ ಮುಂದಿನ ವರ್ಷದ ಫೀಸಿಗೆ ಅಂತ ಎತ್ತಿಡಿ. ಆದ್ರೆ ಅರ್ಜಿ ಮಾತ್ರ ಬಿಡ್ಬೇಡಿ. ನೀವು ಹಿಂದುಳಿದ ವರ್ಗದಲ್ಲಿ ಬಂದ್ರೆ, ಹಾಸ್ಟೆಲ್ ಸಿಕ್ಕಿಲ್ಲ ಅಂದ್ರೆ ವಿದ್ಯಾಸಿರಿ ಇದೆ, ಊಟ ವಸತಿಗೆ ಅಂತ ವರ್ಷಕ್ಕೆ 10 ತಿಂಗಳು ದುಡ್ಡು ಕೊಡ್ತಾರೆ, ಎಸ್‌ಎಸ್‌ಪಿ ಅಂದ್ರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲೇ ಅರ್ಜಿ. ಇದಕ್ಕೆ ಆದಾಯ ಮಿತಿ ಇದೆ, ಜಾತಿ ಆದಾಯ ಸರ್ಟಿಫಿಕೇಟ್ ಮೇಲೆ ಆರ್‌ಡಿ ಅಂತ ಶುರುವಾಗೋ ನಂಬರ್ ಬೇಕು, ಆಧಾರಲ್ಲಿರೋ ಹೆಸರೂ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿರೋ ಹೆಸರೂ ಒಂದೇ ಥರ ಇದ್ಯಾ ಅಂತ ಈಗ್ಲೇ ನೋಡ್ಕೊಳಿ, ಕೊನೇ ದಿನ ಸೈಬರ್ ಸೆಂಟರ್ ಮುಂದೆ ನಿಂತಾಗ ಸರಿ ಮಾಡಕ್ಕಾಗಲ್ಲ.

ಅಪ್ರೂವ್ ಆಗಿದೆ ದುಡ್ಡು ಬಂದಿಲ್ಲ ಅಂತ ಒದ್ದಾಡೋರು ಬಹಳ ಜನ. ನೀವು ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ರಿ ಅನ್ನೋದರ ಮೇಲೆ ಈ ದುಡ್ಡು ಹೋಗಲ್ಲ, ಎನ್‌ಪಿಸಿಐನಲ್ಲಿ (ಯುಪಿಐ ನಡೆಸೋ ಸಂಸ್ಥೆ) ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದ್ಯೋ ಅಲ್ಲಿಗೆ ಹೋಗುತ್ತೆ. ಮಧ್ಯ ಯಾರೋ ಹೇಳಿದ್ರು ಅಂತ ಮೊಬೈಲಲ್ಲೇ ಹೊಸ ಅಕೌಂಟ್ ಓಪನ್ ಮಾಡಿ ಸೀಡಿಂಗ್‌ಗೆ, ಅಂದ್ರೆ ಆಧಾರ್ ಜೋಡಿಸೋದಕ್ಕೆ, ಒಪ್ಗೆ ಕೊಟ್ಟಿದ್ರೆ ಮ್ಯಾಪಿಂಗ್ ಅಲ್ಲಿಗೆ ಬದಲಾಗಿರುತ್ತೆ, ದುಡ್ಡು ನೀವು ಮರ್ತೇ ಬಿಟ್ಟಿರೋ ಅಕೌಂಟಲ್ಲಿ ಕೂತಿರುತ್ತೆ. ಮೈಆಧಾರ್ ಸೈಟಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ, ಎರಡು ನಿಮಿಷದ ಕೆಲಸ.

ರೂಮ್‌ಮೇಟ್ ಸಾಲಕ್ಕೆ ಎಷ್ಟಿದೆ ಅಂತ ಇಬ್ರೂ ಕೂತು ಬರ್ಕೊಂಡು ವಾರಕ್ಕೆ 100ರಂಗೆ ತೀರ್ಸಿ, ಅದೂ ಆ 600ರಲ್ಲೇ. ಕಷ್ಟ ಆಗುತ್ತೆ, ಆದ್ರೂ ರೂಮ್‌ಮೇಟ್ ನಂಬಿಕೆ ಉಳಿಸ್ಕೊಳೋದು ಮುಖ್ಯ.

ಲೋನ್ ಆ್ಯಪ್ ಕಡೆ ಮಾತ್ರ ತಿರುಗಿ ನೋಡ್ಬೇಡಿ. 5,000 ಲೋನ್ ಅಂತ ತೋರ್ಸಿ ಚಾರ್ಜ್ ಹಿಡ್ಕೊಂಡು ಕೈಗೆ 3,800 ಕೊಟ್ಟು ಏಳೇ ದಿನಕ್ಕೆ 5,000 ಕಟ್ಟು ಅಂದ್ರೆ ಒಂದು ವಾರಕ್ಕೆ ಬಡ್ಡಿ ನೂರಕ್ಕೆ 31 ದಾಟ್ತು, ಊರಲ್ಲಿ ಮೀಟರ್ ಬಡ್ಡಿಗೆ ಕೊಡೋರೂ ಹೆದರ್ಬೇಕು. ಆರ್‌ಬಿಐ 2022ರಲ್ಲೇ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೋ ಮುಟ್ಟಂಗಿಲ್ಲ ಅಂತ ನಿಯಮ ಮಾಡಿದೆ, ಆದ್ರೆ ಕಳ್ಳ ಆ್ಯಪ್‌ಗಳು ಕೇಳೋದೇ ಮೊದಲು ಅದನ್ನ, ಆಮೇಲೆ ನೀವು ಸಾಲ ಕಟ್ಟಿಲ್ಲ ಅಂತ ನಿಮ್ಮ ಲೆಕ್ಚರರ್‌ಗೂ ಮೆಸೇಜ್ ಹೋಗುತ್ತೆ.

ಅದಕ್ಕಿಂತ ದೊಡ್ಡ ಅಪಾಯ ಅಕೌಂಟ್ ಬಾಡಿಗೆ. ನಿನ್ನ ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಕೊಡು, ಸ್ವಲ್ಪ ದುಡ್ಡು ಬಂದು ಹೋಗುತ್ತೆ, ನಿಂಗೆ ಕಮಿಷನ್ ಅಂತ ಕಾಲೇಜ್ ಹುಡುಗ್ರನ್ನೇ ಹುಡುಕ್ತಾರೆ. ಬರೋದು ಯಾರೋ ಮೋಸ ಹೋದವರ ದುಡ್ಡು, ದೂರು ಆದ ತಕ್ಷಣ ಅಕೌಂಟ್ ಫ್ರೀಜ್, ಬೇರೆ ರಾಜ್ಯದ ಪೊಲೀಸ್ ನೋಟಿಸ್ ನಿಮ್ಮಪ್ಪನ ಅಡ್ರೆಸ್ಸಿಗೆ. ದುಡ್ಡಿನ ಕಷ್ಟ ಇರೋರ ಹತ್ರಾನೇ ಇವರು ಬರೋದು, ಅದಕ್ಕೇ ಹೇಳ್ತಿದೀನಿ. ಈಗಾಗ್ಲೇ ಯಾರಿಗಾದ್ರೂ ಕೊಟ್ಟಿದ್ರೆ ನಾಳೆಗೆ ಅಂತ ಇಟ್ಕೊಬೇಡಿ, ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡ್ಸಿ, ಬರವಣಿಗೇಲಿ ದೂರು ಕೊಟ್ಟು ಸೀಲ್ ಹಾಕಿಸ್ಕೊಳಿ, ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿ, ಮನೇಲೂ ಅವತ್ತೇ ಹೇಳ್ಬಿಡಿ.