ಎರಡೇ ರೇಸ್ ಓಡಿರುವ ಮೂರು ವರ್ಷದ ಕುದುರೆ ಇನ್ನೂ ಸುಧಾರಿಸುತ್ತದಾ? ಅದರ ಒಡೆತನದಲ್ಲಿ ಪಾಲು ತೆಗೆದುಕೊಳ್ಳಬಹುದಾ?

ಎರಡನೇ ಓಟದಲ್ಲಿ ನಾಲ್ಕು ಲೆಂಗ್ತ್ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಗೆಲುವು, ಆಮೇಲೆ ಐದು ತಿಂಗಳು ಓಟವೇ ಇಲ್ಲ ಅಂತ ಬರೆದಿದ್ದೀರಿ. ನಾನು ಪಾಲು ಹಾಕಿದ ಕೋಲ್ಟ್‌ನದ್ದೂ (ಎಳೆಯ ಗಂಡು ಕುದುರೆ) ಹೆಚ್ಚುಕಡಿಮೆ ಇದೇ ಕಥೆ. ಹೆಚ್ಚು ಓಡಿಲ್ಲ, ಒಳಗಿನ್ನೂ ಶಕ್ತಿ ಉಳಿದಿದೆ ಅಂದುಕೊಂಡೆ. ಯಾಕೆ ಓಡಿಲ್ಲ ಅಂತ ಹುಡುಕಲಿಲ್ಲ.

ಪರೀಕ್ಷೆ ಮಾಡಿಸಲಿಲ್ಲ ಅಂತಲ್ಲ. ಮೊಣಕಾಲು, ಫೆಟ್‌ಲಾಕ್ (ಗೊರಸಿನ ಮೇಲಿನ ಕೀಲು) ಎರಡರದ್ದೂ ಎಕ್ಸ್‌ರೇ ತೆಗೆಸಿದೆ. ಮೂಳೆಯಲ್ಲಿ ಏನೂ ದೋಷವಿರಲಿಲ್ಲ. ತಪ್ಪಾಗಿದ್ದೇ ಅಲ್ಲಿ. ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಒಳಗೆ ಎಳೆ ಹರಿದಿದ್ದರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಬೇಕು: ಮುಂಗಾಲುಗಳ ಹಿಂಬದಿ, ಮೊಣಕಾಲಿನಿಂದ ಫೆಟ್‌ಲಾಕ್‌ವರೆಗೆ, ಎರಡೂ ಕಾಲಿಗೆ. ನಾನು ನೋಡಲು ಹೋದ ಎರಡು ಸಲವೂ ಕಾಲಿಗೆ ಬ್ಯಾಂಡೇಜ್ ಸುತ್ತಿತ್ತು, ಬಿಚ್ಚಿಸಲಿಲ್ಲ. ಬಿಚ್ಚಿಸಿ, ಕಾಲೆತ್ತಿ ಹಿಡಿದು, ಹಿಂಬದಿಯ ಟೆಂಡನ್ ಮೇಲೆ ಬೆರಳಾಡಿಸಿ ಒಂದು ಕಾಲನ್ನು ಇನ್ನೊಂದಕ್ಕೆ ಹೋಲಿಸಬೇಕಿತ್ತು. ಬಿಸಿ ಇದೆಯಾ, ದಪ್ಪವಾಗಿದೆಯಾ, ಒತ್ತಿದರೆ ಕಾಲು ಎಳೆದುಕೊಳ್ಳುತ್ತದಾ? ಅದೂ ಗ್ಯಾಲಪ್ ಮಾಡಿಸಿದ ಮರುದಿನ ಬೆಳಿಗ್ಗೆ, ಯಾಕೆಂದರೆ ವಿಶ್ರಾಂತಿಯಲ್ಲಿರುವ ಕುದುರೆಯ ಊತ ಇಳಿದಿರುತ್ತದೆ. ಹರಿದ ಟೆಂಡನ್ ಕೂಡಿಕೊಳ್ಳಲು ಸುಮಾರು 9ರಿಂದ 12 ತಿಂಗಳು ಬೇಕು. ಕೂಡಿದ ಜಾಗಕ್ಕೆ ಮೊದಲಿನಂತೆ ಹಿಗ್ಗುವ ಗುಣ ಇರುವುದಿಲ್ಲ, ವೇಗ ಹೆಚ್ಚಿದಾಗ ಅಲ್ಲೇ ಅಥವಾ ಪಕ್ಕದಲ್ಲೇ ಮತ್ತೆ ಹರಿಯುವ ಅಪಾಯ ದೊಡ್ಡದು. ನಮ್ಮ ಕೋಲ್ಟ್‌ಗೆ ಸಿಕ್ಕಿದ್ದು ಐದೇ ತಿಂಗಳು. ಮೂರನೇ ಓಟವೇ ಅದರ ಕೊನೆಯ ಓಟ.

ಹಾಗಾಗಿ ಕಡಿಮೆ ಓಡಿರುವುದು ನನ್ನ ಪ್ರಕಾರ ಗುಣವೇ ಅಲ್ಲ. ಉತ್ತರ ಕೇಳಿ ಪಡೆಯಬೇಕಾದ ಪ್ರಶ್ನೆ ಅದು. ರೇಸ್ ಪತ್ರಿಕೆಯಲ್ಲಿ ಬೆಳಗಿನ ತಾಲೀಮಿನ ವರದಿ ಕೊಡುವ ಟ್ರ್ಯಾಕ್ ನೋಟ್ಸ್‌ನಲ್ಲಿ ಆ ಐದು ತಿಂಗಳನ್ನೂ ನೋಡಿ, ವಾರಗಟ್ಟಲೆ ಹೆಸರೇ ಇಲ್ಲದಿದ್ದರೆ ಟ್ರೇನರನ್ನು ನೇರವಾಗಿ ಕೇಳಿ.

ಕಾಲು ಸರಿಯಿದ್ದರೆ ಗೆಲುವಿನ ಕಡೆ ಬನ್ನಿ. ನಾಲ್ಕು ಲೆಂಗ್ತನ್ನು ಮರೆತುಬಿಡಿ. ಮುಂದೆ ಒಂಟಿಯಾಗಿ, ನಿಧಾನವಾಗಿ ಓಡಲು ಬಿಟ್ಟರೆ ಸಾಧಾರಣ ಕುದುರೆಯೂ ಅಷ್ಟು ಅಂತರದಲ್ಲಿ ಗೆಲ್ಲುತ್ತದೆ. ಕೊನೆಯ 400 ಮೀಟರ್ ಎಷ್ಟು ಸೆಕೆಂಡ್, ಜಾಕಿ ಚಾಟಿ ಎತ್ತಿದನಾ, ಅವತ್ತು ಎರಡು-ಮೂರನೆಯದಾಗಿ ಬಂದವು ಆಮೇಲೆ ಗೆದ್ದವಾ, ಇವನ್ನು ನೋಡಿ. ಮೊದಲ ಓಟದಿಂದ ಎರಡನೆಯದಕ್ಕೆ ಕಾಣುವ ಜಿಗಿತ ಬಹುಪಾಲು ಗೇಟು, ಗುಂಪು, ತಿರುವು ಅಭ್ಯಾಸವಾದದ್ದರಿಂದ ಬಂದದ್ದು. ಅದು ಪ್ರತಿ ಸಲ ಆಗುವುದಿಲ್ಲ. ರೇಟಿಂಗ್ (ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ; ಹೊರುವ ತೂಕ ಅದರ ಮೇಲೆ ನಿಗದಿಯಾಗುತ್ತದೆ) 14 ಪಾಯಿಂಟ್ ಏರಿದ್ದರೆ, ಪಾಯಿಂಟ್‌ಗೆ ಅರ್ಧ ಕಿಲೋದಂತೆ, ಅವೇ ಕುದುರೆಗಳೆದುರು 7 ಕಿಲೋ ಹೆಚ್ಚು ಹೊರಬೇಕು.

ನಿಜವಾಗಿ ಬೆಳವಣಿಗೆ ಬಾಕಿಯಿದೆ ಅಂತ ನಾನು ನಂಬುವುದು ಎರಡು ಕಾರಣಕ್ಕೆ. ಒಂದು, ಹುಟ್ಟಿದ ತಿಂಗಳು. ಕಾಗದದಲ್ಲಿ ಎಲ್ಲಕ್ಕೂ ಜನವರಿ 1ಕ್ಕೇ ವಯಸ್ಸು ಏರುತ್ತದೆ, ಆದರೆ ಏಪ್ರಿಲ್ ಕೊನೆಯ ಮರಿ ಜನವರಿಯದಕ್ಕಿಂತ ಮೂರು ತಿಂಗಳು ಚಿಕ್ಕದು. ಇನ್ನೊಂದು, ಗೆದ್ದಾಗಲೂ ಗೆರೆ ತಪ್ಪಿ ಅತ್ತಿತ್ತ ವಾಲಿ, ಗುರಿ ದಾಟಿದ ಮೇಲೂ ಬಲವಾಗಿ ಓಡುತ್ತಲೇ ಇದ್ದದ್ದು: ಅಂದರೆ ಕಲಿಯುವುದೂ ಬಾಕಿ, ಶಕ್ತಿಯೂ ಬಾಕಿ.

ಬ್ಯಾಂಡೇಜ್ ಬಿಚ್ಚಿಸಲು, ಸ್ಕ್ಯಾನ್ ಮಾಡಿಸಲು ಮಾರುವವರು ಒಪ್ಪದಿದ್ದರೆ ಈ ಪಾಲು ಬೇಡ.